ಅರವತ್ತು ದಾಟಿದವರಿಗೆ

ಹಿರಿಯರಿಗೆಂದೇ ಪಾಲಿಕೆಯವರು ಕಟ್ಟಿಸಿದ ಹೊಸ ಪಾರ್ಕು ಅದು. ಎಲ್ಲೂ ಮೆಟ್ಟಿಲಿಲ್ಲ, ಗಾಲಿಕುರ್ಚಿ ಸಲೀಸಾಗಿ ಹೋಗುವಂಥ ದಾರಿ. ಅವತ್ತು ಬೇವಿನ ಮರದಡಿ, ಅರವತ್ತು ದಾಟಿದವರಿಗೆ ಪುಕ್ಕಟೆ ತಪಾಸಣೆ ನಡೆದಿತ್ತು; ಮಾತ್ರೆಯನ್ನೂ ಕೊಡುತ್ತಿದ್ದರು. ಅಮ್ಮಾವ್ರ ಕುರ್ಚಿ ತಳ್ಳಿಕೊಂಡು ಅಲ್ಲಿಗೆ ತಲುಪುವಷ್ಟರಲ್ಲಿ ಮಾದಮ್ಮನಿಗೆ ಕಣ್ಣು ಕತ್ತಲಿಟ್ಟಿತು. ವಾರದಿಂದ ಹೀಗೇ ಆಗುತ್ತಿತ್ತು.

ನರ್ಸ್ ಹುಡುಗಿ ಅಮ್ಮಾವ್ರ ತೋಳಿಗೆ ಪಟ್ಟಿ ಸುತ್ತುತ್ತಾ, "ವಯಸ್ಸೆಷ್ಟು?" ಎಂದಳು.

"ಅರವತ್ತೆಂಟು ಕಣಮ್ಮ. ಈ ಮಂಡಿಗೆ ಮಾತ್ರ ನೂರು."

ಹುಡುಗಿ ನಕ್ಕು, ಕುರ್ಚಿ ಹಿಡಿದು ನಿಂತಿದ್ದ ಮಾದಮ್ಮನತ್ತ ತಿರುಗಿದಳು. "ಯಾಕಜ್ಜಿ ಹಿಂಗೆ ಬೆವರ್ತಿದೀರ? ನಿಮಗೆಷ್ಟು ವಯಸ್ಸು?"

ಮಾದಮ್ಮ ಅಮ್ಮಾವ್ರ ಕಡೆ ಒಮ್ಮೆ ನೋಡಿದಳು. "ವಯಸ್ಸಾದವರನ್ನ ನಾವು ಇಟ್ಕೊಳಲ್ಲ" ಎಂದು ಕೆಲಸಕ್ಕೆ ಸೇರಿದ ದಿನವೇ ಅವರ ಸೊಸೆ ಹೇಳಿದ್ದಳು.

"ಐವತ್ತೈದು."

"ಜಾಸ್ತಿ ಕಾಣ್ತೀರಲ್ಲ!"

"ದುಡಿದ ಮೈ ಅಲ್ವಾ ಮಗಾ, ಹಂಗೇ ಕಾಣೋದು."

"ಹಂಗಾದ್ರೆ ಇಲ್ಲಿ ನೋಡಕ್ಕಾಗಲ್ಲ ಅಕ್ಕ. ದೊಡ್ಡಾಸ್ಪತ್ರೆಗೆ ಹೋಗಿ."

"ಅವಳದು ಗಟ್ಟಿ ಜೀವ ಬಿಡು," ಎಂದರು ಅಮ್ಮಾವ್ರು. "ನನ್ನ ವಯಸ್ಸಿಗೆ ಬರಲಿ, ಆಗ ಗೊತ್ತಾಗುತ್ತೆ ಮುಪ್ಪು ಅಂದ್ರೇನು ಅಂತ. ನಡಿಯೇ, ಇನ್ನೊಂದು ಸುತ್ತು ಹೋಗೋಣ."

"ಹೂಂ ಅಮ್ಮಾವ್ರೇ" ಎಂದು ಮಾದಮ್ಮ ಕುರ್ಚಿ ತಿರುಗಿಸಿದಳು. ಹಣೆಯ ಬೆವರು ಒರೆಸಿಕೊಂಡಾಗ, ಎಪ್ಪತ್ತು ದಾಟಿದ ತಲೆಗೆ ಬೆಳಿಗ್ಗೆಯಷ್ಟೇ ಹಚ್ಚಿದ್ದ ಕಪ್ಪು ಬಣ್ಣ ಸೆರಗಿಗೆ ಅಂಟಿತು.