ಮೃತಳಿಗೆ ಏನಾಗಬೇಕು?

ವನಮಾಲ ಲಾರಿಗೆ ಸಿಕ್ಕಿ ಸತ್ತು ಎರಡು ವರ್ಷವಾಗಿತ್ತು. ಅವಳೊಂದಿಗೆ ಹದಿನೇಳು ವರ್ಷ ಸಂಸಾರ ಮಾಡಿದ ಸುಗುಣ ಪರಿಹಾರದ ಅರ್ಜಿ ಹಾಕಿ ಕೋರ್ಟಿಗೆ ಅಲೆಯುತ್ತಲೇ ಇದ್ದಳು.

“ಮೃತಳಿಗೆ ನೀವು ಏನಾಗಬೇಕಮ್ಮ?” ವಿಮಾ ಕಂಪನಿಯ ವಕೀಲರು ಕೇಳಿದರು.

“ಸಂಗಾತಿ. ದೇವರ ಮುಂದೆ ಹಾರ ಹಾಕ್ಕೊಂಡಿದ್ವಿ, ಸ್ವಾಮಿ.”

“ದೇವರು ಒಪ್ಪಿರಬಹುದು. ರಿಜಿಸ್ಟ್ರಾರ್ ಒಪ್ಪಿದ್ರಾ?”

ಯಾರೋ ಕಿಸಕ್ಕೆಂದರು.

“ಆಸ್ಪತ್ರೇಲಿ ಹೆಣ ತಗೊಳ್ಳೋವಾಗ ಅಕ್ಕ ಅಂತ ಸಹಿ ಹಾಕಿದ್ದೀರಲ್ಲ?”

“ಸಂಬಂಧಿಕರಲ್ಲದೆ ಬೇರೆಯವರಿಗೆ ಕೊಡಲ್ಲ ಅಂದ್ರು.”

“ಅಂದ್ರೆ ಸುಳ್ಳು ಬರೆದ್ರಿ.”

“ನಿಜ ಬರೆದಿದ್ರೆ ನನ್ನ ವನಮಾಲ ಇನ್ನೂ ಅಲ್ಲೇ ಇರ್ತಿದ್ಲು!” ಸುಗುಣಳ ದನಿ ಒಡೆಯಿತು.

ಮುಂದಿನ ವಾಯಿದೆಗೆ ವನಮಾಲಳ ಅಣ್ಣ ಬಂದ. ತಾನೇ ವಾರಸುದಾರನೆಂದು ಅವನೂ ಅರ್ಜಿ ಹಾಕಿದ್ದ. ತಂಗಿ ಮನೆ ಬಿಟ್ಟಂದಿನಿಂದ ಅವಳ ಮುಖ ನೋಡಿದವನಲ್ಲ. ಸುಗುಣ ನೋಡಲು ಹೇಗಿದ್ದಾಳೆಂಬುದಂತೂ ಅವನಿಗೆ ಗೊತ್ತೇ ಇರಲಿಲ್ಲ.

“ನಾನು ಎತ್ತಿ ಆಡಿಸಿದ ಕೂಸು, ಸ್ವಾಮಿ,” ಎಂದ ಕಟಕಟೆಯಲ್ಲಿ ನಿಂತು. “ಒಡಹುಟ್ಟಿದೋನು ನಾನಿರುವಾಗ ಯಾವಳೋ ಬಂದು ಕೇಳೋದಂದ್ರೇನು?”

ಸುಗುಣಳ ವಕೀಲೆ ಮೂರು ವರ್ಷದ ಹಿಂದಿನ ಗೃಹಪ್ರವೇಶದ ಫೋಟೋವೊಂದನ್ನು ಅವನ ಮುಂದಿಟ್ಟಳು. ಅದರಲ್ಲಿ ಇಬ್ಬರೇ ಹೆಂಗಸರಿದ್ದರು.

“ಇವರಲ್ಲಿ ನಿಮ್ಮ ತಂಗಿ ಯಾರು?”

ಅವನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. ಆಮೇಲೆ ಒಂದು ಮುಖದ ಮೇಲೆ ಬೆರಳಿಟ್ಟು ಕಣ್ಣೊರೆಸಿಕೊಂಡ.

“ಇವಳೇ, ಸ್ವಾಮಿ. ಥೇಟ್ ನಮ್ಮವ್ವನ ಮುಖ.”

ಫೋಟೋದಲ್ಲಿ ಬೆರಳಿದ್ದದ್ದು, ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಸುಗುಣಳ ಮುಖದ ಮೇಲೆ.