ಕೊನೆಯ ಹಾಗ್ಸ್‌ಫ್ಲೆಶ್

ಗಾಜಿನಾಚೆ ಒಬ್ಬ ಯುವಕ ಹಾಲಿನ ಕ್ರೇಟಿನ ಮೇಲೆ ನಿಂತು ಅಂಗಡಿಯ ಬೋರ್ಡನ್ನು ಟೇಪಿನಿಂದ ಅಳೆಯುತ್ತಿದ್ದ. ಎನಿಡ್ ಹಂದಿಯ ಪಕ್ಕೆಲುಬು ಕಡಿಯುತ್ತಿದ್ದವಳು ಕತ್ತಿ ಕೆಳಗಿಡದೆಯೇ ಹೊರಗೆ ಬಂದಳು.

"ಇಳಿಯಪ್ಪಾ ಕೆಳಗೆ. ಫೋಟೋ ಹೊಡೆದು ಹಲ್ಲು ಕಿರಿಯೋರನ್ನ ಬೇಕಾದಷ್ಟು ನೋಡಿದೀನಿ. ಅಳತೆ ತೆಗೆಯೋಕೆ ಬಂದವನು ನೀನೇ ಮೊದಲು."

ಅವನು ಇಳಿದ. ಕತ್ತಿ ನೋಡಿದ. ಆದರೂ ನಕ್ಕ.

"ಟೋಬಿ ಕ್ರೇನ್ ಅಂತ, ಮೇಡಂ. ಲಂಡನ್ನಿಂದ ಬಂದೆ. ನಿಮ್ಮ ಹೆಸರಿನ ವಿಷಯವಾಗಿ ಮಾತಾಡೋದಿತ್ತು."

ಹೆಸರು ಅಂದದ್ದೇ ತಡ, ಎನಿಡ್ ಒಳಕ್ಕೆ ತಿರುಗಿ ನಡೆದಳು.

ಹಾಗ್ಸ್‌ಫ್ಲೆಶ್. ಹಂದಿಮಾಂಸ. ಸಸೆಕ್ಸ್‌ನ ಆ ಪುಟ್ಟ ಪೇಟೆಯಲ್ಲಿ ಅಂಥ ಹೆಸರು ಹೊತ್ತು ಬಾಳುವುದೆಂದರೇನು ಎಂದು ಅರವತ್ತಾರು ವರ್ಷದ ಆ ಹೆಂಗಸಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಶಾಲೆಯಲ್ಲಿ ಹಾಜರಿ ಕೂಗುವಾಗ ಅವಳ ಸರದಿ ಬಂದರೆ ಇಡೀ ತರಗತಿ ಹಂದಿಗಳಂತೆ ಗುರುಗುಟ್ಟುತ್ತಿತ್ತು. ಈಗ ಪ್ರವಾಸಿಗಳು ಬರುತ್ತಾರೆ. ಬೆರಳಿನಿಂದ ಮೂಗು ಮೇಲೊತ್ತಿ, ಹಂದಿಮೂತಿ ಮಾಡಿಕೊಂಡು ಬೋರ್ಡಿನ ಕೆಳಗೆ ಫೋಟೋ ತೆಗೆಸಿಕೊಳ್ಳುತ್ತಾರೆ. ಒಂದು ಸಾಸೇಜನ್ನೂ ಕೊಳ್ಳದೆ ಹೋಗುತ್ತಾರೆ.

ಟೋಬಿ ಕರೆಯದೆಯೇ ಒಳಗೆ ಬಂದ. ಹಸಿ ಮಾಂಸದ ವಾಸನೆಯ ಮೇಲೆ ಅವನ ಸೆಂಟಿನ ವಾಸನೆ ಕೂತಿತು. ಎನಿಡ್‌ಗೆ ಮಾಂಸದ್ದೇ ವಾಸಿ ಎನಿಸಿತು.

"ಈ ಹೆಸರು ಹೇಗೆ ಬಂತು, ಮೇಡಂ?"

"ಹೇಗೆ ಬರುತ್ತೆ? ಯಾವನೋ ಹಿರೀಕ ಹಂದಿ ಕೊಯ್ದು ಮಾರ್ತಿದ್ದ. ಊರವರು ಅದೇ ಹೆಸರಿಟ್ಟು ಕರೆದರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ, ಹೆಸರು ಅಂಟಿಕೊಂಡಿತು. ಅಪ್ಪ ಹೇಳ್ತಿದ್ದ ಕಥೆ ಅದು. ನಿಜವೋ ಸುಳ್ಳೋ, ನಂಗೊತ್ತಿಲ್ಲ."

"ಈಗ ಹಾಗ್ಸ್‌ಫ್ಲೆಶ್‌ಗಳು ಎಷ್ಟು ಜನ ಉಳಿದಿದ್ದೀರಿ?"

"ನಮ್ಮ ಮನೇಲಿ ನಾನೊಬ್ಬಳೇ. ಮಿಕ್ಕವರು ಸತ್ತರು. ಇಲ್ಲಾಂದ್ರೆ ಹೆಸರು ಬದಲಾಯಿಸಿಕೊಂಡರು. ನನ್ನ ಪಾಲಿಗೆ ಎರಡೂ ಒಂದೇ."

"ನೀವೊಬ್ಬರೇ ಅಂತೀರಾ," ಎಂದು ಟೋಬಿ ಟೈ ಸರಿಪಡಿಸಿಕೊಂಡ.

ಬದಲಾಯಿಸಿಕೊಂಡವನು ಅವಳ ತಮ್ಮ ಲಯನೆಲ್. ಚಿಕ್ಕಂದಿನಿಂದ ಅಂಗಡಿಯೊಳಗೆ ಕಾಲಿಡಲು ಹೇಸುತ್ತಿದ್ದ. ಅಪ್ಪ ತಲೆ ಸವರಿದರೆ ಬಚ್ಚಲಿಗೆ ಓಡಿ ಕೂದಲು ತೊಳೆದುಕೊಳ್ಳುತ್ತಿದ್ದ. ಇಪ್ಪತ್ತೊಂದು ತುಂಬಿದ ವರ್ಷ ಬಾಗಿಲಲ್ಲೇ ನಿಂತು ಹೇಳಿದ: "ಇವತ್ತಿನಿಂದ ನಾನು ಲಯನೆಲ್ ಹಾರ್ಟ್‌ಲಿ. ನಿಮ್ಮ ಹೆಸರು ಹೇಳಿಕೊಂಡರೆ ಬಾಯಿ ಮುಕ್ಕಳಿಸಬೇಕು ಅನ್ಸುತ್ತೆ ನಂಗೆ."

ಅಪ್ಪ ತಲೆಯೆತ್ತದೆ ಸಾಸೇಜಿಗೆ ಮಾಂಸ ತುಂಬುತ್ತಲೇ ಇದ್ದ. ಆಮೇಲೆ ಹೊರಗೆ ಹೋಗಿ ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಬಹಳ ಹೊತ್ತು ಒರೆಸಿದ.

ಅದೇ ವರ್ಷ ಗಡಿಯಾರ ರಿಪೇರಿಯ ಮರ್ವಿನ್ ಪೆನ್‌ಫೋಲ್ಡ್ ಎನಿಡ್‌ಳನ್ನು ಮದುವೆಯಾಗುತ್ತೀಯಾ ಎಂದು ಕೇಳಿದ. ಮೃದು ಮನುಷ್ಯ. ಎನಿಡ್‌ಗೂ ಇಷ್ಟವಿತ್ತು. ಆದರೆ ಮಗಳೂ ಪೆನ್‌ಫೋಲ್ಡ್ ಆಗಿಬಿಟ್ಟರೆ ಅಪ್ಪನ ಬೋರ್ಡಿನ ಕೆಳಗೆ ಯಾರು ನಿಲ್ಲಬೇಕು? ಒಲ್ಲೆ ಎಂದಳು. ಕಾರಣ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ಅಪ್ಪ ತೀರಿಕೊಂಡಾಗ ಲಯನೆಲ್ ಬರಲಿಲ್ಲ. ಹೂವಿನ ಚಕ್ರವೊಂದು ಬಂತು, "ಹಾರ್ಟ್‌ಲಿ ಕುಟುಂಬದಿಂದ" ಎಂದು. ಎನಿಡ್ ಅದನ್ನು ಎಲುಬಿನ ಡಬ್ಬಿಗೆ ಎಸೆದಳು.

"ಜನರ ರುಚಿ ಬದಲಾಗಿದೆ, ಮೇಡಂ," ಟೋಬಿ ಹುರುಪಿನಿಂದ ಹೇಳುತ್ತಿದ್ದ. "ಈಗ ಎಲ್ಲರಿಗೂ ಹಳೇದು ಬೇಕು, ಒರಟು ಬೇಕು, ಅಪ್ಪಟ ಬೇಕು. ನಮ್ಮ ಕಂಪನಿಯವರು ಊರೂರು ಸುತ್ತಿ ಕೇಳಿದರು. ಹಾಗ್ಸ್‌ಫ್ಲೆಶ್ ಅಂದ್ರೆ ಮೊದಲು ಮುಖ ಕಿವುಚ್ತಾರೆ. ಆಮೇಲೆ ಮರೆಯೋದೇ ಇಲ್ಲ! ಸಾಸೇಜಿಗೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ?"

ಓಹೋ, ಇದಾ ಸಮಾಚಾರ. ಎನಿಡ್ ಕತ್ತಿಯನ್ನು ನಿಧಾನವಾಗಿ ಒರೆಸಿದಳು.

"ಯಾವುದೋ ಕಾರ್ಖಾನೇಲಿ ಬ್ರೆಡ್ಡಿನ ಚೂರು, ಕೊಬ್ಬು, ಚರ್ಮ ಎಲ್ಲ ಅರೆದು ತುಂಬ್ತೀರಿ. ಅದಕ್ಕೆ ನಮ್ಮಪ್ಪನ ಹೆಸರು ಬೇಕಾ? ಥೂ!"

"ಮೇಡಂ, ನಾನು..."

"ಮಾತಾಡಬೇಡ. ನೀವು ಎಷ್ಟು ಕೊಟ್ಟರೂ ಅಷ್ಟೆ. ಈ ಹೆಸರು ಕೇಳಿ ಊರೆಲ್ಲ ಮೂಗು ಮುಚ್ಚಿಕೊಂಡಾಗ ಬಿಡಲಿಲ್ಲ. ಈಗ ನಿಂಗೆ ಮಾರ್ತೀನಾ? ನಾನು ಎನಿಡ್ ಹಾಗ್ಸ್‌ಫ್ಲೆಶ್. ಸಾಯೋವರೆಗೂ ಅದೇ. ಹೊರಡು!"

ಹೇಳಿ ಮುಗಿಸಿದಾಗ ಅವಳ ಕೆನ್ನೆ ಕೆಂಪಾಗಿತ್ತು. ಆ ಹೆಸರನ್ನು ಅಷ್ಟು ಗಟ್ಟಿಯಾಗಿ ಅವಳು ಹಿಂದೆಂದೂ ಹೇಳಿಕೊಂಡಿರಲಿಲ್ಲ. ಬಾಯಿಗೆ ಅದು ಹಿತವಾಗಿತ್ತು.

ಟೋಬಿ ಹೊರಡಲಿಲ್ಲ. ಅವನ ಮುಖದ ನಗು ಮಾತ್ರ ಮಾಯವಾಗಿತ್ತು.

"ನಾನು ಕೊಳ್ಳೋಕೆ ಬಂದಿಲ್ಲ, ಮೇಡಂ. ಬೋರ್ಡು ಇಳಿಸಬೇಕು ಅಂತ ಹೇಳೋಕೆ ಬಂದೆ. ಈ ಹೆಸರಲ್ಲಿ ಮಾಂಸ ಮಾರೋ ಹಕ್ಕು ಈಗ ಕಂಪನಿಯದ್ದು. ವಕೀಲರು ಹೇಳಿದ್ದಾರೆ. ಬೋರ್ಡನ್ನ ನಾವೇ ಜೋಪಾನವಾಗಿ ತಗೊಂಡು ಹೋಗಿ ಆಫೀಸಲ್ಲಿ ತೂಗುಹಾಕ್ತೀವಿ."

"ಹಕ್ಕು ಕೊಟ್ಟೋರು ಯಾರು?"

"ಮನೆತನದವರೇ."

ಅವನು ಚೀಲದಿಂದ ಸಾಸೇಜಿನ ಪೊಟ್ಟಣವೊಂದನ್ನು ತೆಗೆದು ಕಟ್ಟೆಯ ಮೇಲಿಟ್ಟ. ಅದರ ಮೇಲೊಂದು ಫೋಟೋ. ಪಟ್ಟೆ ಏಪ್ರನ್ ತೊಟ್ಟ, ಬೆಳ್ಳಿಗೂದಲಿನ ದಢೂತಿ ಕಟುಕ ಹಂದಿಯ ಇಡೀ ತೊಡೆಯೊಂದನ್ನು ಮಗುವಿನಂತೆ ಎದೆಗವುಚಿಕೊಂಡು ನಗುತ್ತಿದ್ದ. ಕೆಳಗೆ ದಪ್ಪ ಅಕ್ಷರಗಳಲ್ಲಿ: "ನಮ್ಮಪ್ಪ ಕಲಿಸಿದ ರುಚಿ."

ಎನಿಡ್ ಕನ್ನಡಕ ಹಾಕಿಕೊಂಡು ನೋಡಿದಳು. ಬೆನ್ನು ನೆಟ್ಟಗಾಯಿತು.

"ಯಾವನೋ ಕಳ್ಳ ನಿಮಗೆ ಟೋಪಿ ಹಾಕಿದಾನೆ. ನಮ್ಮ ಮನೇಲಿ ಇಂಥ ಕಟುಕ ಯಾರೂ ಇರಲಿಲ್ಲ."

ಟೋಬಿ ನೆಲ ನೋಡುತ್ತ ಹೇಳಿದ: "ಹೋದ ತಿಂಗಳವರೆಗೂ ಅವರ ಹೆಸರು ಲಯನೆಲ್ ಹಾರ್ಟ್‌ಲಿ ಅಂತಿತ್ತು, ಮೇಡಂ."