ಬಂಡೆಯೊಳಗಿನ ನೀಲಿ

ಸುಟ್ಟ ಸಿಡಿಮದ್ದಿನ ವಾಸನೆ ದ್ಯಾಮವ್ವನಿಗೆ ಚಿಕ್ಕಂದಿನಿಂದಲೂ ಗೊತ್ತು. ಅವಳ ಅಪ್ಪನೂ ಇದೇ ಕಲ್ಲು ಕ್ವಾರಿಯಲ್ಲಿ ದುಡಿದವನು. ಅದೇ ವಾಸನೆಯ ನಡುವೆ ಮೊನ್ನೆ ಗಂಡನ ಕಾಲು ಹೋಯಿತು. ಅಂದು ಸಿಡಿದ ಬಂಡೆಯೊಳಗೇ ಅವಳಿಗೆ ಈ ನೀಲಿ ಹರಳು ಸಿಕ್ಕಿತು.

“ಬೆಲಿ ಬಾಳಿದ್ರ ನಂದು, ಇಲ್ಲಂದ್ರ ನೀನ ಇಟ್ಕೋ,” ಎಂದ ಕ್ವಾರಿಯ ಸಾಹುಕಾರ.

“ಗಂಡಗ ಕಾಲು ಹಾಕಿಸಬೇಕ್ರೀ! ನೀವಂತೂ ಒಂದು ಪೈಸಾ ಕೊಡಲಿಲ್ಲ.”

ಹರಳಿನ ಬೆಲೆ ಹೇಳಲು ಕ್ವಾರಿಗೆ ಬಂದಿದ್ದ ಭೂವಿಜ್ಞಾನದ ನಿವೃತ್ತ ಅಧ್ಯಾಪಕಿ ಭೂತಗನ್ನಡಿಯಲ್ಲಿ ಅದನ್ನು ನೋಡಿದರು. ಆಮೇಲೆ ದ್ಯಾಮವ್ವನನ್ನು ನೋಡಿದರು.

“ಬರೀ ಮೈಲುತುತ್ತ. ದ್ರಾಕ್ಷಿಗೆ ಹೊಡೀತಾರಲ್ಲ, ಅದ.”

ಸಾಹುಕಾರ ನಕ್ಕು, ಹರಳನ್ನು ದ್ಯಾಮವ್ವನ ಉಡಿಗೆ ಎಸೆದು ಜೀಪು ಹತ್ತಿದ. ಅದು ಮರೆಯಾಗುವವರೆಗೂ ಅಧ್ಯಾಪಕಿ ದಾರಿಯನ್ನೇ ನೋಡುತ್ತಿದ್ದರು.

“ನನ್ನ ಗಂಡನ ಕಾಲು ನುಂಗಿ ನನಗ ತುತ್ತ ಕೊಡ್ತೀಯೇನ?” ಬೆನ್ನ ಹಿಂದೆ ದ್ಯಾಮವ್ವ ಹರಳಿಗೇ ಬೈಯುತ್ತ ಸುತ್ತಿಗೆ ಎತ್ತಿದಳು.

ಅಧ್ಯಾಪಕಿ ತಿರುಗಿ ಚೀರಿದರು: “ಹೊಡಿಬ್ಯಾಡವ್ವಾ! ಭಾಳ ಅಪರೂಪದ ಹರಳದು! ಅವನ ಪಾಲಾಗಬಾರದಂತ ಸುಳ್ಳು ಹೇಳೀನಿ!”

ಸುತ್ತಿಗೆ ಬಿದ್ದಾಗಿತ್ತು.

ದ್ಯಾಮವ್ವ ನೀಲಿ ಪುಡಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬುತ್ತಿ ಬಿಚ್ಚಿ, ಅಳುತ್ತಿದ್ದ ಅಧ್ಯಾಪಕಿಯ ಕೈಗೆ ರೊಟ್ಟಿ ಇಟ್ಟಳು.